ಕಪ್ಪು ಕೈಗೆ ಕೊಟ್ಟ ಮುತ್ತು

1924ರ ಫೆಬ್ರುವರಿಯಲ್ಲಿ ಅಮೆರಿಕದ ನಾಟಕಕಾರ ಯೂಜೀನ್ ಓನೀಲ್‌ನ ‘ಆಲ್ ಗಾಡ್ಸ್ ಚಿಲ್ಲನ್ ಗಾಟ್ ವಿಂಗ್ಸ್’ ನಾಟಕ ‘ಅಮೆರಿಕನ್ ಮರ್ಕ್ಯುರಿ’ ಪತ್ರಿಕೆಯಲ್ಲಿ ಅಚ್ಚಾಯಿತು. ಕಪ್ಪು ಯುವಕ ಜಿಮ್, ಬಿಳಿ ಹುಡುಗಿ ಎಲಾಳನ್ನು ಮದುವೆಯಾಗುವ ಕಥೆ. ಕೊನೆಯಲ್ಲಿ ಎಲಾ ಗಂಡನ ಕೈಗೆ ಮುತ್ತಿಡುತ್ತಾಳೆ. ನಾಟಕ ರಂಗಕ್ಕೇರುವ ಮೊದಲೇ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಆ ಮುತ್ತಿನದೇ ಗುಲ್ಲು.

ಇಂಥ ಪ್ರೇಮ ಅಮೆರಿಕದ ರಂಗಭೂಮಿಗೆ ಹೊಸದಲ್ಲ. ಬಿಳಿಯಳನ್ನು ಮದುವೆಯಾಗುವ ಶೇಕ್ಸ್‌ಪಿಯರ್‌ನ ಕಪ್ಪು ನಾಯಕ ಒಥೆಲೊವನ್ನು ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಲೇ ಬಂದಿದ್ದರು. 1859ರ ‘ದಿ ಆಕ್ಟರೂನ್’ ನಾಟಕದ ನಾಯಕಿಯಲ್ಲಿ ಎಂಟನೇ ಒಂದು ಪಾಲು ಕಪ್ಪು ರಕ್ತ. ಬಿಳಿಯನನ್ನು ಪ್ರೀತಿಸಿದ ಅವಳು ಕೊನೆಗೆ ವಿಷ ಕುಡಿಯುತ್ತಾಳೆ. ಆ ಪಾತ್ರ ಮಾಡಿದವಳೂ ಬಿಳಿಯಳೇ. ಕಪ್ಪು ಎಂಬುದು ತೊಳೆದರೆ ಹೋಗುವ ಬಣ್ಣವಾಗಿದ್ದಷ್ಟು ಕಾಲ ಪ್ರೇಕ್ಷಕರು ಮರುಗಿ ಕಣ್ಣೀರಿಟ್ಟರು. 1924ರಲ್ಲಿ ಹಾಗಿರಲಿಲ್ಲ. ಎಲಾ ಪಾತ್ರಕ್ಕೆ ಬಿಳಿಯ ನಟಿ ಮೇರಿ ಬ್ಲೇರ್, ಜಿಮ್ ಪಾತ್ರಕ್ಕೆ ಕಪ್ಪು ನಟ ಪಾಲ್ ರೋಬ್ಸನ್. ಅವಳ ತುಟಿ ತಾಗಬೇಕಿದ್ದದ್ದು ನಿಜವಾದ ಕಪ್ಪು ಕೈಗೆ.

ಜಿಮ್‌ಗೆ ವಕೀಲನಾಗುವ ಹಂಬಲ; ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸೋಲುತ್ತಾನೆ. ರೋಬ್ಸನ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಗೆದ್ದವನು. ಆದರೆ ಕಚೇರಿಯಲ್ಲಿ ಬಿಳಿಯ ಸ್ಟೆನೋಗ್ರಾಫರ್ ಅವನು ಹೇಳಿದ್ದನ್ನು ಬರೆದುಕೊಳ್ಳಲು ಒಪ್ಪಲಿಲ್ಲ. ಅವನು ಆ ವೃತ್ತಿಯನ್ನೇ ಬಿಟ್ಟ. ಜಿಮ್‌ನ ಮಾತುಗಳನ್ನು ಅವನು ಯಾವ ಮನಸ್ಸಿನಿಂದ ಆಡಿರಬೇಕು!

ಅದೇ ವರ್ಷದ ಮಾರ್ಚ್‌ನಲ್ಲಿ ವರ್ಜೀನಿಯಾ ರಾಜ್ಯ ಅಂತರ್ವರ್ಣೀಯ ವಿವಾಹದ ಮೇಲಿನ ನಿಷೇಧವನ್ನು ಇನ್ನಷ್ಟು ಬಿಗಿ ಮಾಡಿತ್ತು. ನ್ಯೂಯಾರ್ಕಿನಲ್ಲಿ ಅಂಥ ನಿಷೇಧ ಇರಲಿಲ್ಲ. ಅಲ್ಲಿ ಜಿಮ್–ಎಲಾ ಮದುವೆಗೆ ಯಾರೂ ಅಡ್ಡಿ ಮಾಡುವಂತಿರಲಿಲ್ಲ. ಆದರೂ ಬೆದರಿಕೆ ಪತ್ರಗಳು ಬಂದವು, ಕಪ್ಪುಜನರನ್ನು ದ್ವೇಷಿಸುವ ಬಿಳಿಯರ ಗುಪ್ತಸಂಘ ಕೂ ಕ್ಲಕ್ಸ್ ಕ್ಲಾನ್ ಹೆಸರಿನಲ್ಲೂ ಬಂದವು. ನಗರಾಡಳಿತ ನಾಟಕವನ್ನು ತಡೆಯಲಿಲ್ಲ, ಬಾಲನಟರಿಗೆ ಮಾತ್ರ ಅನುಮತಿ ಕೊಡಲಿಲ್ಲ.

ಹೀಗೆ ಕೈತಪ್ಪಿದ್ದು ಮೊದಲ ದೃಶ್ಯ. ಅದರಲ್ಲಿ ಕಪ್ಪು, ಬಿಳಿ ಮಕ್ಕಳು ಬೀದಿಯಲ್ಲಿ ಒಟ್ಟಿಗೆ ಗೋಲಿಯಾಡುತ್ತಾರೆ. ಬೆಳ್ಳಗಾಗಲೆಂದು ಪುಟ್ಟ ಜಿಮ್ ಸೀಮೆಸುಣ್ಣದ ನೀರು ಕುಡಿಯುತ್ತಾನೆ. ಪುಟ್ಟ ಎಲಾಗೆ ತಾನು ಕಪ್ಪಾಗಬೇಕೆಂಬ ಆಸೆ. ಇಡೀ ನಾಟಕದಲ್ಲಿ ನನ್ನನ್ನು ಅತಿಯಾಗಿ ಕಾಡುವುದು ಇದೇ. ಮುಂದಿನದೆಲ್ಲ ಕುಸಿತ: ಗಂಡನನ್ನು ಪ್ರೀತಿಸುತ್ತಲೇ ಅವನ ಗೆಲುವನ್ನು ಸಹಿಸಲಾರದ ಎಲಾಳ ಬುದ್ಧಿ ಕೆಡುತ್ತದೆ.

ಮೇ 15ರ ರಾತ್ರಿ ನ್ಯೂಯಾರ್ಕಿನ ಪ್ರಾವಿನ್ಸ್‌ಟೌನ್ ಪ್ಲೇಹೌಸ್‌ ರಂಗಮಂದಿರದಲ್ಲಿ ನಿರ್ದೇಶಕ ಜೇಮ್ಸ್ ಲೈಟ್ ಪ್ರೇಕ್ಷಕರೆದುರು ಬಂದು ಮಕ್ಕಳ ಆ ದೃಶ್ಯವನ್ನು ತಾನೇ ಓದಿದ. ಆಮೇಲೆ ನಾಟಕ ನಡೆಯಿತು. ಎಲಾ ಜಿಮ್‌ನ ಕೈಗೆ ಮುತ್ತಿಟ್ಟಳು. ಯಾವ ಗಲಭೆಯೂ ಆಗಲಿಲ್ಲ.