ಕಮಿಟ್ ಮಾಡಿದ್ದೇನೆ, ಗಿಟ್‌ಹಬ್‌ನಲ್ಲಿ ಯಾಕೆ ಕಾಣ್ತಿಲ್ಲ?

ಪ್ರಶ್ನೆ: ಈಗಷ್ಟೇ ಗಿಟ್ ಕಲಿಯಲು ಶುರು ಮಾಡಿದ್ದೇನೆ. ವಿಎಸ್ ಕೋಡ್‌ನಲ್ಲಿ ಒಂದು ಫೈಲ್ ತಿದ್ದಿ ಕಮಿಟ್ ಕೊಟ್ಟೆ. ಎರರ್ ಏನೂ ಬರಲಿಲ್ಲ. ಆದರೆ ಗಿಟ್‌ಹಬ್ ತೆರೆದು ನೋಡಿದರೆ ಹಳೇ ಕೋಡೇ ಇದೆ. ನಾನು ಎಲ್ಲಿ ಎಡವಿದೆ?

ಉತ್ತರ: ಎಲ್ಲೂ ಎಡವಿಲ್ಲ. ನಿಮ್ಮ ಕಮಿಟ್, ಅಂದರೆ ಬದಲಾವಣೆಯ ದಾಖಲೆ, ನಿಮ್ಮ ಕಂಪ್ಯೂಟರಿನಲ್ಲೇ ಭದ್ರವಾಗಿದೆ. ಅದನ್ನು ಗಿಟ್‌ಹಬ್‌ಗೆ ಕಳಿಸೋದು ಇನ್ನೊಂದು ಕೆಲಸ, ಪುಶ್. ಅದೊಂದು ಬಾಕಿ ಇದೆ, ಅಷ್ಟೆ.

ಗಿಟ್ ಅನ್ನೋದು ಕೋಡ್‌ನಲ್ಲಿ ಆದ ಬದಲಾವಣೆಗಳ ಲೆಕ್ಕ ಇಡಲು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುವ ಪ್ರೋಗ್ರಾಂ. ಗಿಟ್‌ಹಬ್ ಆ ಕೋಡನ್ನು ಇಟ್ಟು ಹಂಚಿಕೊಳ್ಳುವ ಒಂದು ವೆಬ್‌ಸೈಟ್, ಈಗ ಮೈಕ್ರೋಸಾಫ್ಟ್‌ಗೆ ಸೇರಿದ್ದು. ಅಲ್ಲಿ ಅಕೌಂಟೇ ಇಲ್ಲದೆ ಜೀವನಪೂರ್ತಿ ಗಿಟ್ ಬಳಸಬಹುದು. ಎಷ್ಟೋ ವಿಡಿಯೋಗಳಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸ್ತಾರೆ, ಗೊಂದಲ ಅಲ್ಲಿಂದಲೇ ಶುರು.

ಹಾಗಾದರೆ ಕಮಿಟ್ ನೇರವಾಗಿ ಸರ್ವರ್‌ಗೆ ಯಾಕೆ ಹೋಗಲ್ಲ? ಸಬ್‌ವರ್ಷನ್‌ನಂಥ ಹಳೇ ಟೂಲ್‌ಗಳಲ್ಲಿ ಹಾಗೇ ಹೋಗುತ್ತಿತ್ತು. ನೆಟ್ ಇಲ್ಲದಿದ್ದರೆ ಕಮಿಟ್ಟೂ ಇಲ್ಲ. 2005ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಬರೆಯುವ ತಂಡಕ್ಕೆ ಇಂಥದೇ ಕೆಲಸದ ಬಿಟ್‌ಕೀಪರ್ ಎಂಬ ಟೂಲ್ ಉಚಿತವಾಗಿ ಸಿಗೋದು ನಿಂತಿತು. ಆಗ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತಾವೇ ಗಿಟ್ ಬರೆದರು. ಬೇರೆ ಬೇರೆ ದೇಶಗಳಲ್ಲಿ ಕೂತು ಕೆಲಸ ಮಾಡುವವರ ತಂಡ ಅದು. ಹಾಗಾಗಿ ಪ್ರತಿಯೊಬ್ಬರ ಬಳಿಯೂ ಪೂರ್ತಿ ಇತಿಹಾಸದ ಒಂದು ಪ್ರತಿ ಇರುವಂತೆ ಮಾಡಿದರು. ನಿಮ್ಮ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಚುಕ್ಕೆಯಿಂದ ಶುರುವಾಗುವ 'ಗಿಟ್' ಹೆಸರಿನ ಒಂದು ಮರೆಯಾದ ಫೋಲ್ಡರ್ ಇದೆಯಲ್ಲ, ಆ ಪ್ರತಿ ಅದರೊಳಗಿದೆ. ಜಾಗ ಸಾಲದು ಅಂತ ಅದನ್ನು ಅಳಿಸಬೇಡಿ. ಪುಶ್ ಮಾಡದ ಕಮಿಟ್‌ಗಳೆಲ್ಲ ಅದರ ಜೊತೆಗೇ ಹೋಗುತ್ತವೆ.

ಈಗ ನಿಮ್ಮ ಸ್ಕ್ರೀನ್‌ಗೆ ಬರೋಣ. ಟರ್ಮಿನಲ್‌ನಲ್ಲಿ 'ಗಿಟ್ ಸ್ಟೇಟಸ್' ಕೊಡಿ. ನಿಮ್ಮ ಬ್ರ್ಯಾಂಚ್ (ಕಮಿಟ್‌ಗಳ ಒಂದು ಸಾಲು) 'ಆರಿಜಿನ್/ಮೇನ್'ಗಿಂತ 1 ಕಮಿಟ್ ಮುಂದಿದೆ ಎಂಬ ಅರ್ಥದ ಸಾಲು ಬಂದರೆ ಉತ್ತರ ಸಿಕ್ಕಿತು: 'ಗಿಟ್ ಪುಶ್' ಕೊಡಿ, ಪೇಜ್ ರಿಫ್ರೆಶ್ ಮಾಡಿ. ಆರಿಜಿನ್ ಅಂದರೆ ನಿಮ್ಮ ಗಿಟ್‌ಹಬ್ ರೆಪೊಗೆ (ಪ್ರಾಜೆಕ್ಟ್‌ನ ಸಂಗ್ರಹಕ್ಕೆ) ಗಿಟ್ ಇಟ್ಟುಕೊಂಡ ಅಡ್ಡಹೆಸರು. ವಿಎಸ್ ಕೋಡ್‌ನಲ್ಲೂ ಇದೇ ಸುಳಿವು ಇದೆ. ಕಮಿಟ್ ಆದ ಮೇಲೆ ಅದೇ ನೀಲಿ ಬಟನ್ 'ಸಿಂಕ್ ಚೇಂಜಸ್' ಅಂತ ಬದಲಾಗುತ್ತದೆ, ಪಕ್ಕದಲ್ಲಿ ಮೇಲ್ಮುಖದ ಬಾಣ. ಬ್ರ್ಯಾಂಚ್ ಇನ್ನೂ ಗಿಟ್‌ಹಬ್‌ಗೆ ಹೋಗಿಲ್ಲದಿದ್ದರೆ 'ಪಬ್ಲಿಷ್ ಬ್ರ್ಯಾಂಚ್' ಅನ್ನುತ್ತದೆ. ಕಮಿಟ್ ಆಯ್ತು ಅಂತ ಎದ್ದು ಹೋಗುವವರೇ ಜಾಸ್ತಿ, ಆ ಬಟನ್ ಕಣ್ಣಿಗೇ ಬೀಳಲ್ಲ.

ಪುಶ್ ಆದರೂ ಕಾಣದಿದ್ದರೆ ಬ್ರ್ಯಾಂಚ್ ನೋಡಿ. 2020ರ ಅಕ್ಟೋಬರ್‌ನಿಂದ ಗಿಟ್‌ಹಬ್ ಹೊಸ ರೆಪೊಗಳಿಗೆ 'ಮೇನ್' ಎಂಬ ಬ್ರ್ಯಾಂಚ್ ಕೊಡುತ್ತಿದೆ. ನಿಮ್ಮ ಲ್ಯಾಪ್‌ಟಾಪ್‌ನ ಗಿಟ್ ಸೆಟ್ಟಿಂಗ್ ಬದಲಿಸಿಲ್ಲದಿದ್ದರೆ ಅದು 'ಮಾಸ್ಟರ್' ಅಂತ ಮಾಡಿರಬಹುದು. ಆಗ ನಿಮ್ಮ ಕೋಡ್ ಮಾಸ್ಟರ್‌ಗೆ ಹೋಗಿ ಕೂತಿರುತ್ತದೆ, ಗಿಟ್‌ಹಬ್ ಮೇನ್ ತೋರಿಸುತ್ತಿರುತ್ತದೆ. ಪೇಜಿನ ಎಡಭಾಗದಲ್ಲಿ ಬ್ರ್ಯಾಂಚ್ ಹೆಸರಿನ ಬಟನ್ ಒತ್ತಿ, ಪಟ್ಟಿಯಲ್ಲಿ ಎರಡೂ ಹೆಸರು ಇದ್ದರೆ ವಿಷಯ ಇದೇ.

ಪುಶ್‌ಗೆ ಪಾಸ್‌ವರ್ಡ್ ಕೇಳಿ, ಸರಿಯಾದದ್ದೇ ಹಾಕಿದರೂ ಒಪ್ಪದಿದ್ದರೆ ಗಾಬರಿ ಬೇಡ. ಗಿಟ್ ಮೂಲಕ ಹೋಗುವಾಗ ಅಕೌಂಟ್ ಪಾಸ್‌ವರ್ಡ್ ತೆಗೆದುಕೊಳ್ಳೋದನ್ನು ಗಿಟ್‌ಹಬ್ 2021ರ ಆಗಸ್ಟ್ 13ರಂದೇ ನಿಲ್ಲಿಸಿದೆ. ಅದರ ಬದಲು ಟೋಕನ್ (ಗಿಟ್‌ಹಬ್ ಮಾಡಿಕೊಡುವ ಉದ್ದನೆಯ ಗುಪ್ತ ಸಂಕೇತ) ಅಥವಾ ಎಸ್‌ಎಸ್‌ಎಚ್ ಕೀ (ನಿಮ್ಮ ಕಂಪ್ಯೂಟರಿನಲ್ಲಿರುವ ಗುರುತಿನ ಫೈಲ್) ಬೇಕು. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಬ್ರೌಸರ್ ತೆರೆದು ಲಾಗಿನ್ ಕೇಳುತ್ತದೆ, ಅದು ಸುಲಭ. ಟರ್ಮಿನಲ್‌ನಲ್ಲೇ ಟೋಕನ್ ಪೇಸ್ಟ್ ಮಾಡಿದರೆ ಒಂದು ಚುಕ್ಕೆಯೂ ಕಾಣಿಸಲ್ಲ. ಅದು ಹಾಗೇ ಇರೋದು, ಸುಮ್ನೆ ಎಂಟರ್ ಒತ್ತಿ.

ಪುಶ್ ಮಾಡಲು ಹೋದಾಗ 'ರಿಜೆಕ್ಟೆಡ್' ಅಂತ ಬಂದರೆ, ಸಾಮಾನ್ಯವಾಗಿ ಗಿಟ್‌ಹಬ್‌ನಲ್ಲಿ ನಿಮ್ಮ ಬಳಿ ಇಲ್ಲದ ಕಮಿಟ್ ಇದೆ ಅಂತ ಅರ್ಥ. ಮೊದಲು 'ಗಿಟ್ ಪುಲ್' ಮಾಡಿ ಅದನ್ನು ಇಳಿಸಿಕೊಳ್ಳಿ. ಇಂಟರ್ನೆಟ್‌ನಲ್ಲಿ ಹುಡುಕಿದರೆ 'ಫೋರ್ಸ್' ಹಾಕಿ, ಅಂದರೆ ಅಲ್ಲಿರೋದನ್ನು ಬಲವಂತವಾಗಿ ಬದಲಿಸಿ, ಅನ್ನುವ ಸಲಹೆ ಸಿಗುತ್ತದೆ. ನಾಲ್ಕು ಜನ ಬಳಸುವ ರೆಪೊದಲ್ಲಿ ಅದನ್ನು ಮಾಡಿದರೆ ಉಳಿದ ಮೂವರ ಕೆಲಸ ಅಲ್ಲಿಂದ ಮಾಯವಾಗಬಹುದು.

ಕಮಿಟ್‌ಗೂ ಪುಶ್‌ಗೂ ನಡುವೆ ಇರುವ ಈ ಬಿಡುವು ನನಗಂತೂ ಇಷ್ಟ. ಹತ್ತು ಕಮಿಟ್ ಮಾಡಿ, ಮೆಸೇಜ್ ತಿದ್ದಿ, ಬೇಡದ್ದನ್ನು ತೆಗೆದು ಆಮೇಲೆ ಕಳಿಸಬಹುದು. ಅದರಲ್ಲೂ ಎಪಿಐ ಕೀ (ಬೇರೆ ಸೇವೆ ಬಳಸಲು ಕೊಡುವ ಗುಪ್ತ ಸಂಕೇತ) ಅಥವಾ ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲ್ ಕಮಿಟ್‌ನಲ್ಲಿ ಸೇರಿಕೊಂಡಿದೆಯಾ ಅಂತ ನೋಡಲು ಇದೇ ಸಮಯ. ಪಬ್ಲಿಕ್ ರೆಪೊಗೆ ಒಮ್ಮೆ ಹೋಯಿತೆಂದರೆ ಮುಂದಿನ ಕಮಿಟ್‌ನಲ್ಲಿ ಆ ಫೈಲ್ ಅಳಿಸಿದರೂ ಹಳೇ ಕಮಿಟ್ ತೆರೆದು ಯಾರು ಬೇಕಾದರೂ ಓದಬಹುದು. ಹಾಗೇನಾದರೂ ಆಗಿದ್ದರೆ ಮೊದಲು ಆ ಕೀ ರದ್ದು ಮಾಡಿ ಹೊಸದು ತಗೊಳ್ಳಿ, ಇತಿಹಾಸ ತೊಳೆಯುವ ಕೆಲಸ ಆಮೇಲೆ.