ಮೈಕ್ರೋಮ್ಯಾನೇಜ್‌ಮೆಂಟ್: ಜವಾಬ್ದಾರಿ ನಿನ್ನದು, ನಿರ್ಧಾರ ನನ್ನದು

ಕ್ಲೈಂಟ್‌ಗೆ ಒಂದು ಮೇಲ್ ಹೋಗಬೇಕಿತ್ತು. ನಾಲ್ಕೇ ಸಾಲು. ಸರ್ವರ್ ಕೆಲಸ ಶನಿವಾರ ರಾತ್ರಿ ಹತ್ತಕ್ಕೆ ಶುರು, ಎರಡು ಗಂಟೆ ಹಿಡಿಯುತ್ತೆ, ಅಷ್ಟೇ. ಬೆಳಿಗ್ಗೆ ಹನ್ನೊಂದಕ್ಕೆಲ್ಲ ಬರೆದು ಮುಗಿಸಿದ್ದೆ. 'ಕಳಿಸೋ ಮುಂಚೆ ನನಗೊಮ್ಮೆ ತೋರಿಸು' ಅಂದರು ಮ್ಯಾನೇಜರ್. ತೋರಿಸಿದೆ. 'ಪ್ಲೀಸ್' ತೆಗೆದು 'ಕೈಂಡ್ಲಿ' ಹಾಕಿಸಿದರು. ಊಟ ಮುಗಿಸಿ ಬಂದು, ಕೈಂಡ್ಲಿ ಯಾಕೋ ಹಳೇ ಕಾಲದ್ದು ಅನ್ಸುತ್ತೆ, ಪ್ಲೀಸೇ ಇರಲಿ ಅಂದರು. ಆಮೇಲೆ ಫಾಂಟ್. ಆಮೇಲೆ ಸಿಸಿಯಲ್ಲಿ ಯಾರ ಹೆಸರು ಮೊದಲು ಅನ್ನೋ ಪ್ರಶ್ನೆ. ಮೇಲ್ ಹೊರಟಾಗ ಸಂಜೆ ಏಳೂ ಇಪ್ಪತ್ತು. ಅವರೇ ಸೇರಿಸಿದ ತಾರೀಖು ತಪ್ಪಾಗಿತ್ತು. ಮಾರನೇ ದಿನ ಮೀಟಿಂಗಿನಲ್ಲಿ 'ಇದನ್ನ ಕಳಿಸಿದ್ದು ಯಾರು?' ಅಂತ ಪ್ರಶ್ನೆ ಬಂತು. ಎಲ್ಲರೂ ನನ್ನ ಕಡೆ ನೋಡಿದರು. ಅವರೂ.

ಇದರ ಹೆಸರೇ ಮೈಕ್ರೋಮ್ಯಾನೇಜ್‌ಮೆಂಟ್. 'ಮೈಕ್ರೋ' ಗ್ರೀಕ್ ಮೂಲದ್ದು, ಸಣ್ಣದು ಅಂತ ಅರ್ಥ. 'ಮ್ಯಾನೇಜ್' ಇಟಾಲಿಯನ್‌ನಿಂದ ಬಂದಿದ್ದು, ಮೊದಲು ಅದನ್ನು ಬಳಸುತ್ತಿದ್ದುದು ಕುದುರೆ ಪಳಗಿಸುವುದಕ್ಕೆ. ಅದರ ಬೇರಿನಲ್ಲಿರುವುದು ಕೈ ಅನ್ನೋ ಲ್ಯಾಟಿನ್ ಪದ. ಲಗಾಮು ಕೈಯಲ್ಲಿ ಹಿಡಿದಿರೋದು ಅನ್ನಿ. ಎರಡೂ ಸೇರಿ ಒಂದು ಪದವಾಗಿ ಇಂಗ್ಲಿಷಿನಲ್ಲಿ ಓಡಾಡತೊಡಗಿದ್ದು 1970ರ ದಶಕದ ಹೊತ್ತಿಗೆ.

ಕನ್ನಡದಲ್ಲಿ ಇದಕ್ಕೆ ಸರಿಹೊಂದುವ ಒಂದೇ ಪದ ಇಲ್ಲ. 'ಸೂಕ್ಷ್ಮ ನಿರ್ವಹಣೆ' ಅಂದರೆ ಯಾರೋ ನಾಜೂಕಾಗಿ ಕೆಲಸ ಮಾಡ್ತಿದ್ದಾರೆ ಅಂತ ಹೊಗಳಿದ ಹಾಗಿರುತ್ತೆ! ಆದರೆ ಅನುಭವಕ್ಕೆ ಮಾತಿನ ಬರ ಇಲ್ಲ. ತಲೆ ಮೇಲೆ ಕೂತು ಕೆಲಸ ಮಾಡಿಸೋದು, ಮೊಸರಲ್ಲಿ ಕಲ್ಲು ಹುಡುಕೋದು ಅಂತೀವಲ್ಲ. ಇವೆರಡರ ನಡುವೆ ಎಲ್ಲೋ ಇದರ ಅರ್ಥ ಇದೆ.

ಸುಮ್ನೆ ಕಟ್ಟುನಿಟ್ಟಾಗಿರುವುದಕ್ಕೆ ಈ ಹೆಸರು ಸಲ್ಲುವುದಿಲ್ಲ. 'ಶುಕ್ರವಾರದೊಳಗೆ ಬೇಕು, ಒಂದೂ ತಪ್ಪಿರಬಾರದು' ಅನ್ನುವ ಮ್ಯಾನೇಜರ್ ಬಿಗಿ ಮನುಷ್ಯ, ಅಷ್ಟೇ. ಹೊಸದಾಗಿ ಸೇರಿದ ಹುಡುಗಿಯ ಪಕ್ಕ ಕೂತು ಮೊದಲ ವಾರ ಪ್ರತಿ ಹೆಜ್ಜೆ ತೋರಿಸಿಕೊಟ್ಟರೆ ಅದು ಕಲಿಸುವುದು. ಅದೇ ಹುಡುಗಿಗೆ ಆರು ವರ್ಷ ಅನುಭವ ಆದಮೇಲೂ ಸಣ್ಣಪುಟ್ಟ ತೀರ್ಮಾನವನ್ನೂ ಬಿಟ್ಟುಕೊಡದೆ, ತಪ್ಪಾದಾಗ ಮಾತ್ರ 'ಇದು ನಿನ್ನ ಕೆಲಸ ಅಲ್ವಾ' ಅಂದರೆ, ಅದು ಮೈಕ್ರೋಮ್ಯಾನೇಜ್‌ಮೆಂಟ್. ನನ್ನ ಪ್ರಕಾರ ಗುರುತು ಹಿಡಿಯೋಕೆ ಇದೊಂದೇ ಸಾಕು: ನಿರ್ಧಾರ ಒಬ್ಬರ ಹತ್ತಿರ, ಬೈಗುಳ ಇನ್ನೊಬ್ಬರಿಗೆ.

ಪದ ಹೊಸದು, ಚಾಳಿ ಹಳೆಯದು. ಅಮೆರಿಕದ ಎಂಜಿನಿಯರ್ ಫ್ರೆಡೆರಿಕ್ ಟೇಲರ್ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಕೆಲಸಗಾರರ ಒಂದೊಂದು ಚಲನೆಯನ್ನೂ ಅಳೆದವನು. 1899ರಲ್ಲಿ ಬೆತ್ಲೆಹೆಮ್ ಸ್ಟೀಲ್‌ನಲ್ಲಿ ಆಳುಗಳು ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲಿಗೆ ತುಂಬುತ್ತಿದ್ದರು. ಒಂದೊಂದು ಗಟ್ಟಿ ಸುಮಾರು 42 ಕಿಲೋ. ಒಬ್ಬ ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದ. ಅದನ್ನು ನಲವತ್ತೇಳೂವರೆ ಟನ್‌ಗೆ ಏರಿಸಿದೆ ಅಂತ ಟೇಲರ್ ಹೇಳಿಕೊಂಡ. ಕೂಲಿ ಏರಿದ್ದು 1.15 ಡಾಲರಿನಿಂದ 1.85 ಡಾಲರಿಗೆ. ಷರತ್ತು ಇಷ್ಟೇ: ಎತ್ತು ಅಂದಾಗ ಎತ್ತಬೇಕು, ಕೂರು ಅಂದಾಗ ಕೂರಬೇಕು, ಎದುರು ಮಾತಾಡಬಾರದು. ಕತೆಗೆ ಟೇಲರ್ ಸಾಕಷ್ಟು ಮಸಾಲೆ ಅರೆದಿದ್ದ ಅಂತ ಇತಿಹಾಸಕಾರರು ಆಮೇಲೆ ತೋರಿಸಿದರು. ಆದರೆ ಆ ಷರತ್ತು ಮಾತ್ರ ಉಳಿದುಕೊಂಡಿತು. ಯೋಚಿಸೋರು ಬೇರೆ, ಹೊರೋರು ಬೇರೆ. 1911ರಲ್ಲಿ ವಾಟರ್‌ಟೌನ್ ಅನ್ನೋ ಊರಿನ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಈ ಸ್ಟಾಪ್‌ವಾಚ್ ಸಹಿಸಲಾಗದೆ ಎರಕದ ಕೆಲಸಗಾರರು ಕೆಲಸ ಬಿಟ್ಟು ಹೊರನಡೆದರು.

ನಮ್ಮ ಕಾಲದ ಸ್ಟಾಪ್‌ವಾಚ್ ಕೈಯಲ್ಲಿರಲ್ಲ, ಹೆಸರಿನ ಪಕ್ಕದ ಹಸಿರು ಚುಕ್ಕಿಯಲ್ಲಿರುತ್ತೆ. ಆಫೀಸಿನ ಚಾಟ್ ಆ್ಯಪ್ ಟೀಮ್ಸ್‌ನಲ್ಲಿ ಐದು ನಿಮಿಷ ಮೌಸು, ಕೀಬೋರ್ಡು ಮುಟ್ಟದಿದ್ದರೆ ಅದು ಹಳದಿಯಾಗುತ್ತೆ. ಪೇಪರಿನ ಮೇಲೆ ಪೆನ್ನು ಹಿಡಿದು ಯೋಚನೆ ಮಾಡ್ತಿದ್ದರೂ ಹಳದಿಯೇ. ತಕ್ಷಣ 'ಯು ದೇರ್?' ಅಂತ ಮೆಸೇಜ್. ಹಾಗಾಗಿ ಜನ ಮೌಸನ್ನು ತಾನಾಗಿಯೇ ಅಲ್ಲಾಡಿಸುವ ಪುಟ್ಟ ಯಂತ್ರ ಕೊಂಡುಕೊಳ್ಳುತ್ತಾರೆ. ಕೆಲಸ ಮಾಡ್ತಿರೋ ಹಾಗೆ ಕೀಬೋರ್ಡ್ ಆಡಿಸಿದ್ದಕ್ಕೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ 2024ರಲ್ಲಿ ಒಂದು ಡಜನ್‌ಗಿಂತ ಜಾಸ್ತಿ ಮಂದಿಯನ್ನು ಮನೆಗೆ ಕಳಿಸಿತು. ಅವರು ಮಾಡಿದ್ದು ಸರಿ ಅನ್ನಲ್ಲ. ಆದರೆ ಚುಕ್ಕಿಯನ್ನೇ ಅಳೆದರೆ ಸಿಗೋದೂ ಚುಕ್ಕಿಯೇ.

ಐಟಿ ತಂಡಗಳು ದಿನಾ ನಿಂತೇ ಮುಗಿಸುವ ಸ್ಟ್ಯಾಂಡಪ್ ಮೀಟಿಂಗ್ ಗತಿಯೂ ಇದೇ. ಸ್ಕ್ರಮ್ ಅನ್ನೋ ಕೆಲಸದ ಪದ್ಧತಿಯ ನಿಯಮದ ಪ್ರಕಾರ ಅದು ಹದಿನೈದು ನಿಮಿಷದ್ದು. ಕೋಡ್ ಬರೆಯೋರು ತಮ್ಮತಮ್ಮಲ್ಲೇ ಇವತ್ತಿನ ಕೆಲಸ ಹಂಚಿಕೊಳ್ಳಲಿ ಅಂತ ಇರೋದು. ಬೆಂಗಳೂರಿನಲ್ಲಿ ನಾನು ಕಂಡ ಸ್ಟ್ಯಾಂಡಪ್‌ಗಳಲ್ಲಿ ನಿಲ್ಲೋರು ಯಾರೂ ಇಲ್ಲ, ಹದಿನೈದು ನಿಮಿಷವೂ ಇಲ್ಲ. ಒಬ್ಬೊಬ್ಬರಾಗಿ ಮ್ಯಾನೇಜರ್‌ಗೆ ಹಾಜರಿ ಒಪ್ಪಿಸೋದು. 'ನಿನ್ನೆ ಮೂರರಿಂದ ಐದರವರೆಗೆ ಏನು ಮಾಡಿದೆ?'

ಇದು ಬರೀ ಕಿರಿಕಿರಿ, ಸಹಿಸಿಕೊಂಡರಾಯ್ತು ಅನ್ನೋರಿಗೆ ಲಂಡನ್ನಿನ ಒಂದು ಅಧ್ಯಯನದ ಬಗ್ಗೆ ಹೇಳಬೇಕು. ಮೈಕಲ್ ಮಾರ್ಮಟ್ ಅನ್ನೋ ವೈದ್ಯ ಮತ್ತು ಅವರ ತಂಡ 1985ರಿಂದ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿತು. ದೊಡ್ಡ ಹುದ್ದೆಯವರಿಗೆ ಒತ್ತಡ ಜಾಸ್ತಿ, ಹಾರ್ಟ್ ಅಟ್ಯಾಕ್ ಅವರಿಗೇ ಅಂತ ನಾವು ಅಂದುಕೊಂಡಿರುತ್ತೀವಿ. ಕಂಡಿದ್ದು ಉಲ್ಟಾ. ಹೃದಯದ ಕಾಯಿಲೆ ಕೆಳಗಿನ ಹುದ್ದೆಯವರಲ್ಲೇ ಜಾಸ್ತಿ ಇತ್ತು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದಿರೋದು ಅದಕ್ಕೊಂದು ದೊಡ್ಡ ಕಾರಣ ಅಂತ 1997ರಲ್ಲಿ ಅವರು ಪ್ರಕಟಿಸಿದರು. ಕೆಲಸ ಎಷ್ಟು ಅನ್ನೋದಕ್ಕಿಂತ ಲಗಾಮು ಯಾರ ಕೈಯಲ್ಲಿದೆ ಅನ್ನೋದು ದೇಹಕ್ಕೆ ಗೊತ್ತಾಗುತ್ತೆ.

ಇದರ ಜೊತೆಗೇ ಕೇಳಿಬರುವ ಇನ್ನೊಂದು ಪದ 'ಟಾಕ್ಸಿಕ್'. ಬಾಣಕ್ಕೆ ಹಚ್ಚುವ ವಿಷಕ್ಕೆ ಗ್ರೀಕರು ಇಟ್ಟ ಹೆಸರಿನಿಂದ ಬಂದಿದ್ದು. 2018ರಲ್ಲಿ ಆಕ್ಸ್‌ಫರ್ಡ್ ನಿಘಂಟು ಇದನ್ನೇ ವರ್ಷದ ಪದ ಅಂತ ಆರಿಸಿತ್ತು. ಈಗಂತೂ ರಜೆ ಕೊಡದ ಬಾಸ್‌ನಿಂದ ಹಿಡಿದು ಸಪ್ಪೆ ಕಾಫಿಯವರೆಗೆ ಎಲ್ಲವೂ ಟಾಕ್ಸಿಕ್! ತಲೆ ಮೇಲೆ ಕೂರುವ ಮ್ಯಾನೇಜರ್ ಇದ್ದ ಮಾತ್ರಕ್ಕೆ ಆಫೀಸು ವಿಷವಾಗಲ್ಲ. ತಪ್ಪಾಗಿದೆ ಅಂತ ಬಾಯಿ ಬಿಡೋಕೆ ಜನ ಹೆದರತೊಡಗಿದಾಗ ಆಗುತ್ತೆ. ಕ್ಲೈಂಟ್‌ಗೆ ಹೋದ ಆ ಮೇಲ್‌ನಲ್ಲಿ ತಾರೀಖು ತಪ್ಪಿದೆ ಅಂತ ಕಳಿಸೋ ಮುಂಚೆಯೇ ನನಗೆ ಗೊತ್ತಿತ್ತು. ಏಳೂ ಇಪ್ಪತ್ತಾಗಿತ್ತು, ಸುಮ್ಮನಿದ್ದೆ.

ಆ ಆಫೀಸಿನಲ್ಲಿ ನನ್ನ ಜೊತೆ ಇದ್ದ ಗೆಳೆಯನೊಬ್ಬ ಈಗ ಎಲ್ಲಿ ಇಂಟರ್‌ವ್ಯೂಗೆ ಹೋದರೂ ಕೊನೆಗೆ ತಾನೇ ಒಂದು ಪ್ರಶ್ನೆ ಕೇಳುತ್ತಾನೆ: 'ಯಾರನ್ನೂ ಕೇಳದೆ ನೀವೇ ತಗೊಂಡ ನಿರ್ಧಾರ ಈಚೆಗೆ ಯಾವುದು ಸರ್?' ಒಂದು ಕಡೆ ಟೀಮ್ ಲೀಡ್ ತುಂಬಾ ಹೊತ್ತು ಯೋಚಿಸಿದರಂತೆ. ಆಮೇಲೆ ಪಕ್ಕದಲ್ಲಿದ್ದ ಮ್ಯಾನೇಜರ್ ಮುಖ ನೋಡಿದರಂತೆ.