ಬೊಪೊಮೊಫೊದ ‘ಸ್’ ಅಕ್ಷರ ಜಪಾನಿನಿಂದ ಬಂದದ್ದೇ?

ಪ್ರಶ್ನೆ: ತೈವಾನಿನ ಮಕ್ಕಳ ಪುಸ್ತಕಗಳಲ್ಲಿ ಚೀನೀ ಉಚ್ಚಾರ ತೋರಿಸುವ ಬೊಪೊಮೊಫೊ ಲಿಪಿಯಲ್ಲಿ ‘ಸ್’ ಧ್ವನಿಗೆ ಬರೆಯುವ ಅಕ್ಷರ ಥೇಟ್ ಜಪಾನಿನ ಕಟಕಾನ ಲಿಪಿಯ ‘ಮು’ ಇದ್ದಂತಿದೆ. ಅಲ್ಲಿಂದ ತಂದದ್ದೇ? ಬಳಸುವುದು ಹೇಗೆ?

ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಈ ಸಲ ಬಿಡಿಸಿಯೇ ಹೇಳೋಣ. ಎರಡೂ ಚೀನೀ ಲಿಪಿಯ ಒಂದೇ ತುಣುಕಿನಿಂದ ಹುಟ್ಟಿದವು, ಹುಟ್ಟಿದ ದಾರಿ ಮಾತ್ರ ಬೇರೆ. 9ನೇ ಶತಮಾನದ ಹೊತ್ತಿಗೆ ಜಪಾನಿನ ಬೌದ್ಧ ಭಿಕ್ಷುಗಳು ‘ಮು’ ಎಂದು ಓದುತ್ತಿದ್ದ ಚೀನೀ ಅಕ್ಷರವೊಂದರ ತಲೆಯನ್ನಷ್ಟೇ ಉಳಿಸಿಕೊಂಡರು. ಇಡೀ ಅಕ್ಷರದ ಉಚ್ಚಾರ ಆ ತುಂಡಿಗೆ ಅಂಟಿತು. ಬೊಪೊಮೊಫೊದವರು ಅದೇ ತುಂಡನ್ನು ಸ್ವತಂತ್ರ ಅಕ್ಷರವಾಗಿ ಎತ್ತಿಕೊಂಡರು. ಚೀನೀ ನಿಘಂಟಿನಲ್ಲಿ ಅದರ ಸ್ವಂತ ಉಚ್ಚಾರವೇ ‘ಸ್’. ಇನ್ನೂ ಅನುಮಾನವೇ? ಕಟಕಾನದ ‘ಕ’, ‘ನು’ ಹೋಲುವ ಬೊಪೊಮೊಫೊ ಅಕ್ಷರಗಳ ಧ್ವನಿ ‘ಲ್’, ‘ಓವ್’. ಅಲ್ಲೂ ಅದೇ ಕಥೆ: ಜಪಾನಿಗೆ ಇಡೀ ಅಕ್ಷರದ ಉಚ್ಚಾರ, ಚೀನಾಕ್ಕೆ ತುಂಡಿನದು. ನಕಲು ಹೊಡೆದಿದ್ದರೆ ಈ ಮೂರರಲ್ಲಿ ಒಂದರ ಧ್ವನಿಯಾದರೂ ತಾಳೆಯಾಗಬೇಕಿತ್ತಲ್ಲ!

1908ರಲ್ಲಿ ಬೊಪೊಮೊಫೊದ ಮೂಲ ಕರಡು ಪ್ರಕಟಿಸಿದ ವಿದ್ವಾಂಸ ಝಾಂಗ್ ಬಿಂಗ್‌ಲಿನ್ ಆಗ ಟೋಕಿಯೊದಲ್ಲಿದ್ದರು. ವದಂತಿಗೆ ಅಷ್ಟು ಸಾಕಾಯಿತು. ಅವರು ಹೆಕ್ಕಿದ್ದು ಚೀನಾದ ಹಳೆಯ ಮುದ್ರಾಲಿಪಿಯ (ಸೀಲ್ ಲಿಪಿ) ರೂಪಗಳನ್ನು. ಚೀನೀ ಉಚ್ಚಾರವನ್ನು ಏಕರೂಪಗೊಳಿಸಲು 1913ರಲ್ಲಿ ಬೀಜಿಂಗ್‌ನಲ್ಲಿ ಸೇರಿದ ಸಭೆ ಅದನ್ನು ಆಧಾರವಾಗಿಟ್ಟುಕೊಂಡಿತು, 1918ರಲ್ಲಿ ಸರ್ಕಾರ ಜಾರಿಗೊಳಿಸಿತು.

ಇನ್ನು ಬಳಕೆ. ಬರೆಯಲು ಎರಡೇ ಗೆರೆ: ಎಡಕ್ಕೆ ಓರೆಯಾಗಿ ಇಳಿದು ಬಲಕ್ಕೆ ತಿರುಗುವುದು ಒಂದು, ತುದಿಗೆ ಬಲಕ್ಕೆ ಒತ್ತುವ ಚುಕ್ಕೆ ಇನ್ನೊಂದು. ತೈವಾನಿನ ಸಾಮಾನ್ಯ ಕೀಬೋರ್ಡಿನಲ್ಲಿ ಇದು ಎನ್ ಕೀಲಿಯ ಮೇಲಿದೆ. ‘ನಾಲ್ಕು’ (ಚೀನೀಯಲ್ಲಿ ‘ಸ್’ ಎಂದೇ) ಬೇಕೆಂದರೆ ಎನ್ ಒತ್ತಿ 4 ಒತ್ತಿ; ನಾಲ್ಕನೇ ಟೋನ್, ಅಂದರೆ ದನಿಯ ಏರಿಳಿತದ ಗುರುತು, ಇರುವುದೂ ಆ 4ರಲ್ಲೇ. ‘ಮೂರು’ (ಚೀನೀಯಲ್ಲಿ ಸಾನ್) ಬೇಕೆಂದರೆ ಎನ್, ‘ಆನ್’ ಇರುವ 0, ಆಮೇಲೆ ಸ್ಪೇಸ್. ಮೊದಲನೇ ಟೋನಿಗೆ ಕಾಗದದ ಮೇಲೆ ಗುರುತಿಲ್ಲ, ಕೀಬೋರ್ಡಿನಲ್ಲಿ ಮಾತ್ರ ಸ್ಪೇಸ್ ಬೇಕೇ ಬೇಕು.

ಚೀನೀಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಕಲಿತು ಬಂದವರು ಎಡವುವುದು ‘ನಾಲ್ಕರ’ ಹತ್ತಿರವೇ. ಅಲ್ಲಿ ಎಸ್ ಪಕ್ಕ ಐ ಇರುವುದನ್ನು ನೋಡಿ ಇಲ್ಲೂ ಇಕಾರ ಸೇರಿಸುತ್ತಾರೆ. ಬೇಡ. ಆ ಐ ನಮ್ಮ ‘ಇ’ ಅಲ್ಲ. ‘ಸ್’ ಎಂದು, ನಾಲಿಗೆ ಕದಲಿಸದೆ ಗಂಟಲಿನ ನಾದ ಸೇರಿಸಿ ಎಳೆಯಿರಿ. ಬೊಪೊಮೊಫೊದಲ್ಲಿ ಆ ಎಳೆತಕ್ಕೆ ಬೇರೆ ಅಕ್ಷರ ಬರೆಯುವ ರೂಢಿಯಿಲ್ಲ.

ಯಾರೂ ಕೇಳಲಿಲ್ಲ, ಆದರೂ: 21 ವ್ಯಂಜನಗಳಲ್ಲಿ ಇದೇಕೆ ಕೊನೆಯದು? ಈ ಅಕ್ಷರಮಾಲೆ ಉಚ್ಚಾರಣಾ ಸ್ಥಾನದ ಪ್ರಕಾರ ಜೋಡಿಸಿದ್ದು, ನಮ್ಮ ವರ್ಣಮಾಲೆಯ ಹಾಗೆ. ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋದ ಭಾರತೀಯ ಧ್ವನಿಶಾಸ್ತ್ರ ಅಲ್ಲಿನ ಪಂಡಿತರಿಗೆ ಈ ವಿಂಗಡಣೆ ಕಲಿಸಿತು. ಅವರ 36 ವ್ಯಂಜನಗಳ ಹಳೆಯ ಪಟ್ಟಿಯನ್ನೇ ಝಾಂಗ್ ಹಿಡಿದರು. ನಮ್ಮ ವರ್ಗಗಳು ಗಂಟಲಿನಿಂದ ತುಟಿಗೆ ಬಂದರೆ, ಬೊಪೊಮೊಫೊ ತುಟಿಯಿಂದಲೇ ಹೊರಟು, ‘ಸ್’ ಇರುವ ಗುಂಪಿನಲ್ಲಿ ಮುಗಿಯುತ್ತದೆ.